ಕೊಳೆಯದವರ ಊರಿಂದ

ಮುಳಗುಂದ, ೨೧೯೧, ಫೆಬ್ರವರಿ ೩೦

ಉದುರಿದ ಎಲೆ ಬೇರಿಗೇ ಮರಳುತ್ತದೆ. ಹೀಗೊಂದು ಸಾಲನ್ನು ಎಲ್ಲೋ ಓದಿದ ನೆನಪು, ಮುಂದಿನದು ಮರೆತಿದೆ. ನಿಜಕ್ಕೂ ಮರಳುತ್ತದೆಯೇ? ನಮ್ಮ ಅಂಗಳದ ಬೇವಿನೆಲೆಗಳು ನಾನು ಹುಟ್ಟುವ ಮೊದಲು ಉದುರಿದವು. ಇನ್ನೂ ಹಳದಿಯಾಗಿಯೇ ಬಿದ್ದಿವೆ.

ತಾರೀಖು ನೋಡಿ ನಗಬೇಡಿ, ನಮ್ಮ ತಿಂಗಳುಗಳಿಗೆಲ್ಲ ಮೂವತ್ತೇ ದಿನ. ಹಿಂದಿನ ಕಾಲದವರಾದ ನಿಮಗೆ ನಮ್ಮ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಮೊಮ್ಮಕ್ಕಳು ಒಂದು ಜ್ವರಕ್ಕೆ ಹೆದರಿ ಜಗತ್ತಿಗೆಲ್ಲ ಮದ್ದಿನ ಮಂಜು ಹಾಯಿಸಿದರು. ಅದನ್ನು ನಾವು 'ತೊಳೆತ' ಎನ್ನುತ್ತೇವೆ. ಜ್ವರದ ಜೊತೆ ಕಣ್ಣಿಗೆ ಕಾಣದ ಜೀವವೆಲ್ಲ ಹೋಯಿತು. ಅಂದಿನಿಂದ ಹಾಲು ಹೆಪ್ಪಾಗುವುದಿಲ್ಲ, ಹಿಟ್ಟು ಹುಳಿಯುವುದಿಲ್ಲ, ಸತ್ತವರು ಕೊಳೆಯುವುದಿಲ್ಲ. ಅವರನ್ನು 'ಉಳಿದವರು' ಎಂದು ಕರೆದು ಮನೆಯಲ್ಲೇ ಕೂರಿಸಿಕೊಂಡಿದ್ದೇವೆ. ನನ್ನ ಗಂಡ ಫಕೀರೇಶ ಒಂಬತ್ತು ವರ್ಷದಿಂದ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದಾನೆ. ಸಂಜೆ ಅವನಿಗೆ ಪದ್ಯ ಓದುತ್ತೇನೆ. ಮಣ್ಣು ಬೂದಿಯಾಗಿದೆ, ಏನೂ ಬೆಳೆಯದು. ಕೆಡದ ಹಳೇ ಜೋಳವನ್ನೇ ಊರೆಲ್ಲ ಉಣ್ಣುತ್ತಿದೆ. ಅದೂ ಬೇಸಿಗೆ ದಾಟುವಷ್ಟಿಲ್ಲ.

ಹೋದ ವಾರ ಗೋಡೆಯ ಗೂಡಿನಲ್ಲಿ ಮೇಣ ಬಳಿದು ಮುಚ್ಚಿದ ಭರಣಿ ಸಿಕ್ಕಿತು: ತೊಳೆತಕ್ಕೂ ಮೊದಲು ಮುತ್ತಜ್ಜಿ ಒಣಗಿಸಿಟ್ಟ ಮಜ್ಜಿಗೆ ಮೆಣಸಿನಕಾಯಿ. ಒಂದನ್ನು ಪುಡಿಹಾಲಿಗೆ ಹಾಕಿ ಮರೆತೆ. ಬೆಳಿಗ್ಗೆ ಬಟ್ಟಲು ಓರೆ ಮಾಡಿದರೆ ಹಾಲು ಕದಲಲಿಲ್ಲ. ಉಳಿದವರಿಗೆ ಮೊದಲ ತುತ್ತು ಎಡೆಯಿಡುವುದು ನಮ್ಮ ರೂಢಿ. ಕೈ ತಾನಾಗಿಯೇ ಹೋಯಿತು. ಫಕೀರೇಶನ ತುಟಿಗೆ ಸವರಿದೆ.

ಮಿಕ್ಕ ಮೊಸರನ್ನು ಹಿತ್ತಲಿಗೆ ಸುರಿದೆ, ಬೂದಿಮಣ್ಣು ಒಣಗಿಸಿಬಿಟ್ಟಿತು. ಮಿಕ್ಕ ಕಾಯಿಗಳನ್ನು ಹಾಲಿಗೆ ಹಾಕಿದೆ, ಹಾಲು ಹಾಲಾಗಿಯೇ ಉಳಿಯಿತು. ಆ ಹೆಪ್ಪು ಬದುಕಿದ್ದು ಅವನ ಮೈಮೇಲೆ ಮಾತ್ರ. ಗಲ್ಲದ ಮೇಲೆ ಹಸಿರು ಮಚ್ಚೆ. ಮೊನ್ನೆ ಉಗುರಿನಷ್ಟಿತ್ತು, ಇಂದು ಅಂಗೈಯಷ್ಟಾಗಿದೆ. ತೊಳೆತದ ಮದ್ದಿನ ನೀರು ಒಂದು ಸೀಸೆ ಮನೆಯಲ್ಲಿತ್ತು. ಒರೆಸಿದರೆ ಅವನು ಉಳಿಯುತ್ತಾನೆ. ಒರೆಸದೆ ಹೂತರೆ ಸತ್ತ ಮಣ್ಣಿಗೆ ಅವನೇ ಹೆಪ್ಪು. ಕೂತೆ, ಎದ್ದೆ, ಬಿರಡೆ ತೆಗೆದೆ, ಮುಚ್ಚಿದೆ. ಮತ್ತೆ ತೆಗೆದೆ.

ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಇವತ್ತು ಏನಾದರೂ ಹಳಸಿದ್ದರೆ, ಚೆಲ್ಲುವ ಮೊದಲು ನಿಂತು ಒಮ್ಮೆ ಮೂಸಿ.

ಸೀಸೆಯನ್ನು ಈಗಷ್ಟೇ ಕಲ್ಲಿಗೆ ಒಡೆದು ಬಂದೆ. ಒಡೆಸಿದ್ದು ಪಕ್ಕದ ಮನೆಯ ನೀಲವ್ವ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮತ್ತೆ ತೆಗೆದು, ಬಾಗಿಲಲ್ಲಿ ನಿಂತು ಅಂದಳು:

"ಅಕ್ಕಾರ, ನಿಮ್ಮ ಮನ್ಯಾಗಿಂದ ನಾತ ಹೊಡ್ಯಾಕತ್ತೈತ್ರಿ! ಯವ್ವಾ, ಎಂಥಾ ಛಲೋ ನಾತ! ಅಣ್ಣಾರನ್ನ ಮಣ್ಣಾಗ ಇಡೂಮುಂದ ನನ್ನೂ ಕರೀರಿ. ನಮ್ಮ ಮಾವನ್ನೂ ಎತ್ಕೊಂಡ ಬರ್ತೀನಿ, ಬಾಜೂಕ ಮಲಗಸೂಣು. ಇದ್ದಾಗ ಇಬ್ಬರೂ ಒಂದ ಬೀಡಿ ಹಂಚ್ಕೊಂಡು ಸೇದತಿದ್ರು. ಇದನ್ನೂ ಹಂಚ್ಕೊಳ್ಳಿ ಬಿಡ್ರಿ."