ನಾನು ಹೊಲಿದ ಸೀಟು

ಮಾರ್ಚ್ 3, ಬೆಳಿಗ್ಗೆ 7.20
ಪ್ಲಗ್ ಕಿತ್ತೆ, ವೈರ್ ಸುತ್ತಿಟ್ಟೆ. ಹೆಂಡತಿ ಹೊರಟಳು. ಮಾವನ ಹಳೇ ಕಾರು. ಎಂಜಿನ್ ಇಳಿಸಿ, ಬ್ಯಾಟರಿ ತುಂಬಿ, ಶೆಡ್ಡಿನಲ್ಲೇ ಎಲೆಕ್ಟ್ರಿಕ್ ಮಾಡಿದ್ದು ಅವಳು. ಹದಿನಾಲ್ಕು ತಿಂಗಳು ಟಾರ್ಚ್ ಹಿಡಿದು ನಿಂತವನು ನಾನು. ಸೀಟು ಹೊಲಿದವನೂ ನಾನೇ. ಸೀಟು ಹೊಲಿಯುವುದೇ ಕಸುಬು, ಅಂಗಡಿ ಮನೆಯ ಮುಂದೆಯೇ. ಹಾಗಾಗಿ ದಿನಾ ಅವಳ ಪಕ್ಕ ಕೂತು ಹೈವೇ ಹತ್ತುವವನು ಬೇರೆ — ಅವಳ ಕಾರ್ಖಾನೆಯ ಲ್ಯಾಬ್‌ನವನು. ಪ್ರತಿ ಸೇತುವೆಗೂ ವೋಲ್ಟ್ ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಎಷ್ಟು ಚಾರ್ಜ್ ಉಳಿದಿದೆ ಎಂದು ತಿಳಿಯಲು ಇರುವುದು ಅದೊಂದೇ. ಅಂಕಿಯಪ್ಪ ಎಂದು ಹೆಸರಿಟ್ಟಿದ್ದೇನೆ. ಮನಸ್ಸಿನಲ್ಲಿ.

ಮಾರ್ಚ್ 6
ಕಾರಿನಲ್ಲೇ ಬಿಟ್ಟುಹೋಗಿದ್ದ ಅವನ ನೋಟ್‌ಬುಕ್ ತೆರೆದೆ. ತೆರೆಯಬಾರದಿತ್ತು. ‘ಎರಡನೇ ಸೇತುವೆ, 131. ಏರು, 127. ಮೇಡಂ ಹಾಡು ಶುರು.’
ಹಾಡು? ಈ ಮನೆಯಲ್ಲಿ ಅವಳು ಹಾಡಿ ಎಷ್ಟು ವರ್ಷವಾಯಿತೋ…
ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ಊಟಕ್ಕೆ ಕೂತಾಗ, “ಆ ಮನುಷ್ಯ ಸ್ವಲ್ಪ ಭಾರ ಅಲ್ವಾ? ಚಾರ್ಜೆಲ್ಲ ತಿಂತಾನೆ” ಅಂದೆ.
“ನಿನಗಿಂತ ಹತ್ತು ಕೆಜಿ ಕಮ್ಮಿ ಇದಾರೆ” ಅಂದಳು. ತಲೆ ಎತ್ತಲಿಲ್ಲ.

ಮಾರ್ಚ್ 8, ರಜೆ
ಅವಳು ಬಸ್ಸಿನಲ್ಲಿ ತಂಗಿಯ ಮನೆಗೆ ಹೋಗಿದ್ದಳು, ಕಾರು ಶೆಡ್ಡಿನಲ್ಲೇ ಇತ್ತು. ಮೀಟರಿನ ಹಿಂದಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದೆ. ಮುಳ್ಳು ಕಮ್ಮಿ ತೋರಿಸಲಿ. ಇಬ್ಬರನ್ನು ಎಳೆಯೋಕೆ ಆಗಲ್ಲ ಎಂದು ಅವನನ್ನು ಬಿಟ್ಟುಹೋಗಲಿ. ಸ್ಕ್ರೂ ಅಲುಗದಂತೆ ಅವಳು ಹಚ್ಚಿದ್ದ ಕೆಂಪು ನೇಲ್ ಪಾಲಿಶ್ ಚೂರಾಗಿ ಉದುರಿತು. ಒರೆಸಿದೆ. ಕಾರಿನ ಕೀ ಅವಳ ಬ್ಯಾಗಿನಲ್ಲಿ, ಆನ್ ಮಾಡಿ ನೋಡಲಾಗಲಿಲ್ಲ.

ಮಾರ್ಚ್ 9, ಬೆಳಿಗ್ಗೆ
“ಇವತ್ತು ಚಾರ್ಜ್ ಜಾಸ್ತೀನೇ ಕೂತಿದೆ ನೋಡು. ಸಂಜೆ ಅವರನ್ನ ಮನೆ ತನಕ ಬಿಟ್ಟು ಬರ್ತೀನಿ.”
ಜಾಸ್ತಿ. ಅಂದರೆ ಸ್ಕ್ರೂ ಉಲ್ಟಾ ತಿರುಗಿಸಿದ್ದೇನೆ. ಹೇಳೋಣ ಎಂದು ಬಾಯಿ ತೆರೆದೆ. “ಹುಷಾರಾಗಿ ಹೋಗು” ಅಂದೆ. ಅಷ್ಟೇ ಬಂತು.

ಮಾರ್ಚ್ 13
ನಾಲ್ಕು ದಿನ ಬರೆಯಲು ಕೈ ಬರಲಿಲ್ಲ. ಒಂಬತ್ತರ ಸಂಜೆ ಮೂರನೇ ಸೇತುವೆಯ ಮೇಲೆ ಕಾರು ನಿಂತುಬಿಟ್ಟಿತು. ಮುಳ್ಳು ಮಾತ್ರ ಇನ್ನೂ ಚಾರ್ಜ್ ತೋರಿಸುತ್ತಿತ್ತಂತೆ. ಹಿಂದೆ ಸಾಲುಸಾಲು ಲಾರಿ. ಅವನು ಇಳಿದು ತಳ್ಳಿದ. ಒಂದು ಲಾರಿ ಸವರಿಕೊಂಡು ಹೋಯಿತು. ಅವನ ಬಲ ಮೊಣಕೈ ಮುರಿದಿದೆ. ಅವಳಿಗೆ ಏನೂ ಆಗಿಲ್ಲ, ತಳ್ಳಿದವನು ಅವನು ಎಂಬ ಕಾರಣಕ್ಕೆ.
ಆಸ್ಪತ್ರೆಗೆ ಹೋಗಿದ್ದೆ. “ಸಾರಿ ಸಾರ್, ನಾನೇ ಅಂಕಿ ತಪ್ಪು ಓದಿರಬೇಕು” ಅಂದ. ನನಗೆ. ನಾನು ತಲೆಯಾಡಿಸಿ ಬಂದೆ. ಥೂ.

ಮಾರ್ಚ್ 16, ಬೆಳಿಗ್ಗೆ 7.10
“ಅಂಗಡಿ ಮುಚ್ಚಿ ಬಾ. ಬರೆಯೋಕೆ ಯಾರಾದ್ರೂ ಬೇಕಲ್ಲ” ಅಂದಳು. ಇವತ್ತಿನಿಂದ ಆ ಸೀಟು ನನ್ನದು.
ಮೇಜಿನ ಮೇಲೆ ನೋಟ್‌ಬುಕ್ ಇಟ್ಟಿದ್ದಾಳೆ. ಕೊನೆಯ ಪುಟದಲ್ಲಿ ಅವನ ಎಡಗೈಯ ಸೊಟ್ಟ ಅಕ್ಷರ: ‘ತಪ್ಪು ನನ್ನದು, ಮೇಡಂ.’ ಅದರ ಕೆಳಗೆ ಅವಳ ಅಕ್ಷರ: ‘ಅಲ್ಲ.’
ಪಕ್ಕದಲ್ಲಿ ಅದೇ ಕೆಂಪು ನೇಲ್ ಪಾಲಿಶ್ ಬಾಟಲಿ. ನಿನ್ನೆ ಇರಲಿಲ್ಲ.
ಹೊರಗೆ ಹಾರ್ನ್. ಮೊದಲ ಸೇತುವೆಗೆ ಮುಂಚೆಯೇ ಹೇಳಿಬಿಡಬೇಕು. ಏನಂತ ಶುರು ಮಾಡಲಿ… ಮತ್ತೆ ಹಾರ್ನ್. ಸ್ಕ್ರೂ ತಿರುಗಿಸಿದ್ದು—