ಚಂದ್ರನಿಗೆ ನಾಲ್ಕು ಕೆಬಿ ಸಾಕಾಗಿತ್ತು

ನವೆಂಬರ್ 3, ಸೋಮವಾರ. ಬೆಳಿಗ್ಗೆ

ಎರಡೂ ಫೋನು ಚಾರ್ಜಿಗೆ ಹಾಕಿದೆ. ನನ್ನದು, ಹೆಂಡತಿ ದ್ರಾಕ್ಷಾಯಿಣಿಯದು. ಹಾಲು ಕಾಯಿಸಿದೆ. ಉಕ್ಕಿತು. ಒರೆಸಿದೆ.

ಹಾಲಿನವ ಈಗಲೂ ಒಂದು ಲೀಟರು ಹಾಕಿ ಹೋಗುತ್ತಾನೆ. ಒಬ್ಬನ ಚಹಾಕ್ಕೆ ಎಷ್ಟು ಬೇಕು. ಉಳಿದದ್ದಕ್ಕೆ ಹೆಪ್ಪು ಹಾಕುತ್ತೇನೆ. ಮೊಸರಿನ ಪಾತ್ರೆಗಳು ಫ್ರಿಜ್ಜು ತುಂಬಿ ಊಟದ ಟೇಬಲ್ಲಿಗೆ ಬಂದಿವೆ. ಅವನಿಗೆ ಹೇಳಬೇಕು. ಹೇಳಲು ಬಾಗಿಲಿಗೆ ಹೋಗಬೇಕು. ಹೋದರೆ ಆತ ‘ಅಕ್ಕಾರು…’ ಎಂದು ಸುರು ಮಾಡುತ್ತಾನೆ. ಅದಕ್ಕಿಂತ ಮೊಸರೇ ವಾಸಿ.

ಹನಮೇಶ ಫೋನು ಮಾಡಿದ್ದ. ಪತ್ರಿಕೆಯ ಭಾನುವಾರದ ಪುರವಣಿ ನೋಡಿಕೊಳ್ಳುವವ. ನನ್ನ ಹಾಸ್ಯ ಅಂಕಣ ನಿಂತು ತಿಂಗಳಾಯಿತು. ದ್ರಾಕ್ಷಾಯಿಣಿ ಆಪರೇಶನ್ನಿಗೆ ಒಳಗೆ ಹೋಗಿ, ಹೊರಗೆ ಬಾರದೆ, ಅದಕ್ಕೂ ತಿಂಗಳಾಯಿತು.

“ಸರ್ರ, ಇಷ್ಟ ದಿನಾ ಕೇಳಿಲ್ಲ. ಈಗ ಕೇಳಾಕತ್ತೇನಿ. ವಿಜ್ಞಾನದ ವಿಶೇಷ ಪುರವಣಿ ಐತಿ. ರಾಕೆಟ್ ಹಾರಿಸೂದು ಸುರು ಆದಾಗಿಂದ ಇಲ್ಲೀತನಕ ಕಂಪ್ಯೂಟರು ಎಷ್ಟ ಬೆಳೀತು ಅನ್ನೂದನ್ನ ನಗಿಸಿಗೋತ ಬರೀರಿ.”

“ನನಗೇನ ತಿಳೀತದಪಾ ಕಂಪ್ಯೂಟರಿಂದು?”

“ತಿಳಿದವ್ರು ಬರದದ್ದು ಯಾರಿಗೂ ತಿಳಿಯಂಗಿಲ್ರಿ. ಅದಕ್ಕ ನಿಮಗ ಹೇಳಾಕತ್ತೇನಿ.”

ಇಂಥ ಗೌರವ ಎಲ್ಲರಿಗೂ ಸಿಗುವುದಿಲ್ಲ. ಒಪ್ಪಿಕೊಂಡೆ. ಇಪ್ಪತ್ಮೂರರ ಪುರವಣಿಗೆ.

ನವೆಂಬರ್ 4, ಮಂಗಳವಾರ

ಮೊದಲ ಪ್ಯಾರಾ ಆಯಿತು —

‘ಮಹಾಜನಗಳೇ, ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದ ಕಂಪ್ಯೂಟರಿಗೆ, ಕೆಲಸದ ಹೊತ್ತಿಗೆ ಬಳಸಲು ಇದ್ದ ಮೆಮೊರಿ ನಾಲ್ಕು ಕೆಬಿ. ನಮ್ಮ ಓಣಿಯ ಇಸ್ತ್ರಿ ಹುಚ್ಚಪ್ಪನ ಫೋನಿನಲ್ಲಿ ಅದೇ ನಾಲ್ಕು ಜಿಬಿ. ಹತ್ತು ಲಕ್ಷ ಪಟ್ಟು. ನ್ಯಾಯವಾಗಿ ಹುಚ್ಚಪ್ಪ ಈ ಹೊತ್ತಿಗೆ ಹತ್ತು ಲಕ್ಷ ಸಲ ಚಂದ್ರನಿಗೆ ಹೋಗಿ ಬರಬೇಕಿತ್ತು. ಆತ ಇನ್ನೂ ಪಕ್ಕದ ಹಳಿಯಾಳ ಕಂಡಿಲ್ಲ.’

ಓದಿ ನೋಡಿದೆ. ನಗುವಂಥದ್ದೇ ಇರಬೇಕು. ನನಗೆ ಗೊತ್ತಾಗುತ್ತಿಲ್ಲ. ನಾಲಿಗೆ ಸುಟ್ಟಾಗ ಉಪ್ಪು ನೋಡಿದ ಹಾಗೆ.

ಆಕೆಗೆ ಓದಿ ಹೇಳುವ ಪದ್ಧತಿ ಮೊದಲೂ ಇರಲಿಲ್ಲ ಅನ್ನಿ. “ನಾ ನಿಮ್ಮದು ಓದಂಗಿಲ್ರಿ. ಮನ್ಯಾಗ ಕೇಳೂದ ಸಾಕಾಗೇದ” ಎನ್ನುತ್ತಿದ್ದಳು.

ಆಕೆಯ ಫೋನಿನದೂ ನಾಲ್ಕು ಜಿಬಿ. ಡಬ್ಬಿಯ ಮೇಲೆ ಬರೆದಿದೆ. ಹತ್ತು ಲಕ್ಷ ಪಟ್ಟಿನ ಈ ಯಂತ್ರ ಒಂದು ತಿಂಗಳಿಂದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದೆ. ಪರದೆಯ ಮೇಲೆ ಒಂಬತ್ತು ಚುಕ್ಕಿ. ಅವನ್ನು ಯಾವ ಸಾಲಿನಲ್ಲಿ ಕೂಡಿಸಬೇಕು ಎಂಬುದು ಆಕೆಯ ಬೆರಳಿಗೆ ಗೊತ್ತಿತ್ತು. ಐದು ಸಲ ತಪ್ಪಿದರೆ ‘ಮೂವತ್ತು ಸೆಕೆಂಡು ಕಾಯಿರಿ’ ಎನ್ನುತ್ತದೆ. ಕಾಯುತ್ತೇನೆ. ಬೇರೆ ಕೆಲಸವೂ ಇಲ್ಲ.

ಹೆಬ್ಬೆಟ್ಟಿನ ಲಾಕು ಆಕೆಗೆ ಆಗಿಬರಲಿಲ್ಲ. ವರ್ಷಾನುಗಟ್ಟಲೆ ಕಸೂತಿ ಹಾಕಿ ಹಾಕಿ ಸೂಜಿಯೇ ಬೆರಳಿನ ಗೆರೆ ತಿಂದುಬಿಟ್ಟಿತ್ತು. ರೇಶನ್ ಅಂಗಡಿಯ ಯಂತ್ರಕ್ಕೂ ಆಕೆ ಗುರುತಿರಲಿಲ್ಲ.

ಅಂದು ಸ್ಟ್ರೆಚರಿನ ಮೇಲೆ ಮಲಗಿ, ಫೋನು ನನ್ನ ಕೈಗಿತ್ತು ಹೇಳಿದ್ದಳು: “ಇದರಾಗ ನಿಮಗ ಹೇಳೂದು ರೆಕಾರ್ಡ್ ಮಾಡಿ ಇಟ್ಟೇನ್ರಿ. ನನ್ನ ಮುಂದ ಕೇಳಬ್ಯಾಡ್ರಿ, ನಗು ಬರ್ತದ. ನಾ ಒಳಗ ಹೋದ ಮ್ಯಾಲೆ ಕೇಳ್ರಿ.”

ಲಾಕಿನ ಮಾತು ಇಬ್ಬರಿಗೂ ಹೊಳೆಯಲಿಲ್ಲ. ಬಾಗಿಲು ಹಾಕಿದರು.

ನವೆಂಬರ್ 6, ಗುರುವಾರ

ಕಾವೇರಿ ಬಂದಿದ್ದಳು. ದ್ರಾಕ್ಷಾಯಿಣಿಯ ತಂಗಿ. ಮೊಸರು ನೋಡಿ, “ಮಾಮಾರ, ಡೇರಿ ಇಟ್ಟೀರೇನು?” ಎಂದಳು. ಎರಡು ಪಾತ್ರೆ ಕೊಟ್ಟು ಕಳಿಸಿದೆ.

ಫೋನು ಹಿಡಿದು ಆಕೆಯೂ ಒಂದು ತಾಸು ಕೂತಳು. ಚೌಕ, ಶಿಲುಬೆ, ತ್ರಿಶೂಲ, ಓಂಕಾರದ ಅರ್ಧ. ಯಾವ ದೇವರಿಗೂ ತೆಗೆಯಲಿಲ್ಲ.

“ಅಕ್ಕಗ ನಾ ದಿನಾ ಗುಡ್ ಮಾರ್ನಿಂಗ್ ಹಾಕ್ತಿದ್ನ್ರಿ. ‘ಕಾವೀ, ನಿನ್ನ ಗುಲಾಬಿ ಸಾಕು, ಫೋನ್ಯಾಗ ಜಾಗಾ ಇಲ್ಲಂತದ’ ಅಂತ ಬೈತಿದ್ಲು.”

“ಈಗ್ಲೂ ಬರ್ತಾವಲ್ಲ. ಮುಂಜಾನೆ ಆರಕ್ಕ ಗುಂಯ್ ಅಂತದ.”

ತಲೆ ಕೆಳಗೆ ಹಾಕಿದಳು. “ನಿಲ್ಲಸಾಕ ಆಗವಲ್ದ್ರಿ.”

ಇಬ್ಬರೂ ಫೋನು ನೋಡುತ್ತ ಕೂತೆವು. ಮೂವತ್ತು ಸೆಕೆಂಡು ಕಾಯಿರಿ.

ನವೆಂಬರ್ 9, ಭಾನುವಾರ

ಬಸ್ಸು ಹತ್ತಿ ಹುಬ್ಬಳ್ಳಿಗೆ. ಗೋಕುಲ ರಸ್ತೆಯ ಮುಷರಫನ ಅಂಗಡಿ. ಫೋನು ಕೊಂಡದ್ದು ಅಲ್ಲೇ. ಆತ ಪರದೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿದ.

“ಬೆರಳಿನ ಜಿಡ್ಡಿನ ಗೆರಿ ಉಳದಿದ್ರ ಗೊತ್ತಾಗ್ತದ ಕಾಕಾ. ಇದು ಕನ್ನಡಿ ಆದಂಗ ಆಗೇದಲ್ಲ.”

“ದವಾಖಾನಿಯಿಂದ ಬಂದ ಮ್ಯಾಲೆ ಸ್ಯಾನಿಟೈಸರ್ ಹಚ್ಚಿ ಒರಸೇನಿ.”

“ಛಲೋ ಮಾಡೀರಿ,” ಎಂದ. ಬೈಯುವವರು ಹೀಗೇ ಅನ್ನುತ್ತಾರೆ. ಆಮೇಲೆ ಮೆಲ್ಲಗೆ, “ರೀಸೆಟ್ ಮಾಡಿದ್ರ ಐದ ಮಿನಿಟು. ಹೊಸಾದು ಆಗ್ತದ. ಖರೇ ಒಳಗಿಂದು ಒಂದೂ ಉಳಿಯಂಗಿಲ್ಲ. ಮತ್ತ ಒಂದ ಮಾತು, ಸುಮ್ನ ತಿಕ್ಕಬ್ಯಾಡ್ರಿ. ಭಾಳ ಸಲ ತಪ್ಪಿದ್ರ ತಾನ ಎಲ್ಲಾ ಅಳಿಸಿಗೋತದ. ಕೆಲವೊಂದು ಹಂಗಿರ್ತಾವು.”

“ಇದು ಹಂಗೈತೇನು?”

“ಅಳಿಸಿದ ಮ್ಯಾಲೆ ಗೊತ್ತಾಗ್ತದ್ರಿ ಕಾಕಾ.”

ಚಹಾ ತರಿಸಿದ. ಕುಡಿದೆ. ಫೋನು ಜೇಬಿನಲ್ಲಿಟ್ಟು ಮೇಲೆ ಕೈ ಇಟ್ಟುಕೊಂಡೇ ಧಾರವಾಡ ಮುಟ್ಟಿದೆ. ಇನ್ನು ಚುಕ್ಕಿ ಮುಟ್ಟಬಾರದು.

ನವೆಂಬರ್ 17, ಸೋಮವಾರ

ಬರೆದಿಲ್ಲ. ಬರೆಯುವಂಥದ್ದು ಏನೂ ಆಗಿಲ್ಲ. ಮೊಸರು.

ಹನಮೇಶನಿಗೆ ಇಂದು ಅರ್ಧ ಓದಿ ಹೇಳಿದೆ. ಆ ಕಾಲದ ಕಂಪ್ಯೂಟರಿಗೆ ಒಂದು ಕೋಣೆ ಬೇಕಿತ್ತು, ಆ ಕೋಣೆಗೆ ಒಂದು ಎಸಿ ಬೇಕಿತ್ತು, ಎಸಿಗೆ ಒಬ್ಬ ಸಾಹೇಬ ಬೇಕಿತ್ತು. ಸಾಹೇಬನಿಗೆ ಏನೂ ಬೇಕಿರಲಿಲ್ಲ, ನಿದ್ದೆ ಬರುತ್ತಿತ್ತು. 1971ರಲ್ಲಿ ಒಂದು ಚಿಪ್ಪಿನ ಮೇಲೆ ಎರಡು ಸಾವಿರದ ಮುನ್ನೂರು ಟ್ರಾನ್ಸಿಸ್ಟರು. ಇಂದು ದುಬಾರಿ ಫೋನಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮೇಲೆ. ದೇಶದ ಜನಸಂಖ್ಯೆ ಅದರ ಮುಂದೆ ಸಂಯಮದ ಮಾದರಿ.

ಚಂದ್ರನ ಮೇಲೆ ಇಳಿಯುವ ಹೊತ್ತಿನ ಸಂಗತಿ ಹನಮೇಶನಿಗೆ ಹಿಡಿಸಿತು. ಇಳಿಯಲು ಇನ್ನು ಕೆಲವೇ ನಿಮಿಷ ಇದ್ದಾಗ ಆ ಬಡ ಯಂತ್ರಕ್ಕೆ ಕೆಲಸ ಮಿತಿಮೀರಿತು. ಗಂಟೆ ಬಾರಿಸಿತು. ಆಮೇಲೆ ತಾನೇ, ಬಿಟ್ಟರೂ ನಡೆಯುವ ಕೆಲಸಗಳನ್ನು ಬಿಟ್ಟು, ಇಳಿಸುವ ಕೆಲಸ ಒಂದನ್ನು ಹಿಡಿದುಕೊಂಡಿತು. ಇಳಿಸಿತು.

ಆ ಯಂತ್ರದ ಕಾಯಂ ಮೆಮೊರಿಯನ್ನು ಹೆಣ್ಣುಮಕ್ಕಳು ಕೈಯಿಂದ ನೇಯ್ದಿದ್ದರಂತೆ. ಸಣ್ಣ ಉಂಗುರದೊಳಗೆ ತಂತಿ ಹಾಯ್ದರೆ ಒಂದು, ಹೊರಗೆ ಹಾಯ್ದರೆ ಸೊನ್ನೆ.

“ನಮ್ಮ ಕಸೂತಿನ ಆತಲ್ರಿ ಸರ್ರ ಇದು,” ಎಂದ ಹನಮೇಶ. “ಎಳಿ ಎಣಿಸಿ ಹಾಕೂದು. ಅದರ ಮ್ಯಾಲೆ ನಾಕ ಸಾಲು ಸೇರಸ್ರಿ. ಅಕ್ಕಾರು ಹಾಕ್ತಿದ್ರಲ್ಲ, ನಿಮಗ ಗೊತ್ತ ಇರ್ತದ.”

ನನಗೆ ಗೊತ್ತಿಲ್ಲ. ಎದುರಿಗೇ ಕೂತು ಹಾಕುತ್ತಿದ್ದಳು. ಅಮ್ಮಿನಬಾವಿಯ ರೇಣವ್ವನನ್ನು ಕೇಳಬೇಕು.

ನವೆಂಬರ್ 18, ಮಂಗಳವಾರ

ಅಮ್ಮಿನಬಾವಿ. ರೇಣವ್ವ ಆಕೆಯ ಶಾಲೆಯ ಗೆಳತಿ. ವಾರಕ್ಕೆ ಎರಡು ಸಲ ನಮ್ಮ ಮನೆಗೆ ಬಂದು ಜೊತೆಗೆ ಕೂತು ಸೂಜಿ ಹಿಡಿಯುತ್ತಿದ್ದಳು. ಇಬ್ಬರೂ ಜಗಳಾಡುತ್ತಲೇ ಸೀರೆ ಮುಗಿಸುತ್ತಿದ್ದರು.

“ಬರ್ರಿ ಸಾಹೇಬ್ರ. ಆಕಿ ಇದ್ದಾಗ ಒಮ್ಮಿನೂ ಬರಲಿಲ್ಲ. ಈಗ ಚಂದ್ರನ ಸಲುವಾಗಿ ಬಂದ್ರಿ,” ಎಂದಳು. ಬರುವ ಕಾರಣ ಫೋನಿನಲ್ಲೇ ಹೇಳಿದ್ದೆ.

ಮೊಸರಿನ ಪಾತ್ರೆ ಕೊಟ್ಟೆ. ಬಟ್ಟೆಯ ತುಂಡು ತೆಗೆದು, ಕಸೂತಿ ಹಾಕಿ ತೋರಿಸಿದಳು. ಮುರಗಿ ಎನ್ನುವ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಹೋಗುವಾಗ ಒಂದು ಬಿಟ್ಟು ಒಂದು. ಬಿಟ್ಟದ್ದನ್ನು ಬರುವಾಗ ತುಂಬಬೇಕು.

“ಹೋದ ದಾರೀಲೇ ಸೂಜಿ ತಿರುಗಿ ಬರಬೇಕ್ರಿ. ಗಂಟ ಹಾಕಂಗಿಲ್ಲ. ಮ್ಯಾಲಿಂದೂ ಕೆಳಗಿಂದೂ ಒಂದ ಕಾಣಬೇಕು.”

ಬರೆದುಕೊಂಡೆ. ಪೆನ್ನು ತೆಗೆಯುವಾಗ ಆಕೆಯ ಫೋನೂ ಜೇಬಿನಿಂದ ಹೊರಗೆ ಬಂತು. ರೇಣವ್ವ ಅದನ್ನೇ ನೋಡಿದಳು. ಸಂಗತಿ ಹೇಳಿದೆ.

“ಅಯ್ಯ, ಅದರಾಗೇನೈತಿ. ಮುರಗಿ ಹಾಕ್ತಿದ್ಲಲ್ರಿ. ‘ಫೋನಿಗೂ ಕಸೂತಿ ಹಾಕ್ತೀಯೇನ’ ಅಂತ ನಾ ಕಾಡತಿದ್ನಿ.”

ತಿಂಗಳಿಗೂ ಮೇಲಾಯಿತು. ಯಾರೂ ಈಕೆಯನ್ನು ಕೇಳಿರಲಿಲ್ಲ.

ಕೆಳಗೆ, ಬಲಕ್ಕೆ, ಕೆಳಗೆ, ಬಲಕ್ಕೆ. ತಪ್ಪು ಎಂದಿತು. ಮುಷರಫನ ಮಾತು ನೆನಪಾಗಿ ಫೋನು ಕೆಳಗಿಟ್ಟುಬಿಟ್ಟೆ.

ರೇಣವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. “ಬಲಗೈಲೇ ಹಾಕಿದ್ರ ಹೆಂಗ ಆಗ್ತದ್ರಿ? ಇಷ್ಟ ವರ್ಷ ಬಾಳೇವು ಮಾಡೀರಿ. ಆಕಿ ಎಡಚಿ ಅಲ್ಲೇನು?”

ಎಡಗೈಗೆ ತೆಗೆದುಕೊಂಡೆ. ಮೇಲೆ ಬಲತುದಿಯ ಚುಕ್ಕಿ. ಕೆಳಗೆ, ಎಡಕ್ಕೆ, ಕೆಳಗೆ, ಎಡಕ್ಕೆ.

ತೆರೆಯಿತು.

ಫೋನಿನಲ್ಲಿ ಹೋದ ಚುಕ್ಕಿಗೆ ಬೆರಳು ಮರಳಿ ಬರುವಂತಿಲ್ಲ. ಅದೊಂದು ವ್ಯತ್ಯಾಸ.

ರೇಣವ್ವ ಎದ್ದು ಒಳಗೆ ಹೋದಳು, ನಾನು ಕೇಳಲಿ ಎಂದು. ನಾನು ಫೋನು ಮುಚ್ಚಿದೆ. ಮನೆಗೆ ಹೋಗಿ ಕೇಳುತ್ತೇನೆ ಎಂದೆ.

ನವೆಂಬರ್ 19, ಬುಧವಾರ. ಮಧ್ಯಾಹ್ನ

ಕೇಳಿದೆ. ಒಂದು ನಿಮಿಷವೂ ಇಲ್ಲ. ಹಾಗೇ ಬರೆದುಕೊಳ್ಳುತ್ತೇನೆ.

“ಏನ್ರೀ… ಇದು ಚಾಲೂ ಆತೋ ಇಲ್ಲೋ. ಹಾಂ, ಕೆಂಪ ಚುಕ್ಕಿ ಬಂತು. ಕೇಳ್ರಿ. ಹಾಲಿನವಗ ಅರ್ಧ ಲೀಟರ ಸಾಕಂತ ಹೇಳ್ರಿ. ಇಲ್ಲಾಂದ್ರ ಹೆಪ್ಪ ಹಾಕಿ ಹಾಕಿ ಮನಿ ತುಂಬ ಮೊಸರ ಮಾಡಿ ಇಡ್ತೀರಿ. ಗ್ಯಾಸ್ ಮುಗೀಲಿಕ್ಕೆ ಬಂದದ, ಬುಕ್ ಮಾಡ್ರಿ. ರೇಣವ್ವನ ಸೀರಿ ಕಪಾಟಿನ್ಯಾಗ ಅದ. ಸೆರಗ ಅಷ್ಟ ಉಳದದ, ಹಂಗ ಕೊಟ್ಟುಬಿಡ್ರಿ, ಆಕಿ ಮುಗಸ್ತಾಳ… ಇದೆಲ್ಲಾ ಇರ್ಲಿ. ಇದನ್ನ ಹೇಳಾಕ ನಾ ಫೋನ ಹಿಡದಿಲ್ಲ. ಖರೇ ಹೇಳಬೇಕಂದ್ರ—”

ಅಷ್ಟೇ. ಮತ್ತೆ ಹಾಕಿದೆ. ಅಲ್ಲಿಗೇ.

ಮುಷರಫನಿಗೆ ಫೋನು ಮಾಡಿದೆ. ಆತ ಹೇಳಿದ ಹಾಗೆ ಒತ್ತಿ ನೋಡಿದೆ. ಸ್ಟೋರೇಜ್ ಫುಲ್.

“ಜಾಗಾ ಇಲ್ದ ಅಲ್ಲೇ ಕಟ್ ಆಗೇದ ಕಾಕಾ.”

“ಉಳಿದದ್ದು?”

“ಉಳಿದದ್ದು ಫೋನ್ಯಾಗ ಬಂದ ಇಲ್ರಿ. ಕಾಕೀ ಪೂರಾ ಹೇಳಿರಬೇಕ್ರಿ. ಅವರಿಗೆ ಗೊತ್ತಾಗಿರಾಕಿಲ್ಲ.”

ಇರಬೇಕು. ಕೆಂಪು ಚುಕ್ಕಿ ಹೋದದ್ದನ್ನು ನೋಡಿರಲಿಕ್ಕಿಲ್ಲ. ಹೇಳಿ ಮುಗಿಸಿ, ಫೋನು ನನ್ನ ಕೈಗೆ ಕೊಟ್ಟು ಹೋದಳು.

ಜಾಗ ಎಲ್ಲಿ ಹೋಯಿತು ಎಂದು ಹುಡುಕಿದೆ. ಗುಲಾಬಿ ಅಲ್ಲ. ಕಾವೇರಿಯ ಗುಲಾಬಿಗಳನ್ನು ಆಗಿಂದಾಗ ಅಳಿಸಿದ್ದಾಳೆ. ಕಸೂತಿಯ ವಿಡಿಯೋ ಒಂದಷ್ಟು. ಆಮೇಲೆ ಫೋಟೋ. ಪತ್ರಿಕೆಯವು. ನನ್ನ ಅಂಕಣ. ಪ್ರತಿ ಭಾನುವಾರದ್ದು, ಟೇಬಲ್ಲಿನ ಮೇಲೆ ಹರವಿ, ಮೇಲಿನಿಂದ. ಕೆಲವದರ ಮೂಲೆಯಲ್ಲಿ ಆಕೆಯ ಹೆಬ್ಬೆರಳು. ಅಲುಗಾಡಿದ್ದನ್ನು ಮತ್ತೊಮ್ಮೆ ತೆಗೆದಿದ್ದಾಳೆ. ಅಲುಗಾಡಿದ್ದನ್ನೂ ಅಳಿಸಿಲ್ಲ. ಬೆರಳು ನೋಯುವವರೆಗೆ ಸರಿಸಿದೆ. ಇನ್ನೂ ಇದ್ದವು.

ಓದಂಗಿಲ್ಲ ಎನ್ನುತ್ತಿದ್ದಳು.

ಫೋನು ಕೇಳುತ್ತದೆ — ಜಾಗವಿಲ್ಲ, ಏನಾದರೂ ಅಳಿಸಲೇ? ಬೇಡ ಎಂದು ಒತ್ತಿದೆ. ಮತ್ತೆ ಕೇಳಿತು. ಮತ್ತೆ ಒತ್ತಿದೆ.

ಚಂದ್ರನ ಅಂಕಣ ಬರೆದಷ್ಟನ್ನು ಹನಮೇಶನಿಗೆ ಕಳಿಸಿದೆ.

ನವೆಂಬರ್ 20, ಗುರುವಾರ. ಬೆಳಿಗ್ಗೆ

ಬಾಗಿಲಿಗೆ ಹೋದೆ.

“ಅರ್ಧ ಲೀಟರ ಸಾಕಂತ,” ಎಂದೆ. “ಅಕ್ಕಾರ ಹೇಳ್ಯಾರ.”

ಹಾಲಿನವ ನನ್ನ ಮುಖ ನೋಡಿದ. ಅರ್ಧ ಹಾಕಿ ಹೋದ.

ಹನಮೇಶನ ಫೋನು. “ಸರ್ರ, ಛಲೋ ಬಂದೈತ್ರಿ. ಹುಚ್ಚಪ್ಪಂದು ಓದಿ ಆಫೀಸಿನ ಮಂದಿ ಎಲ್ಲಾ ನಕ್ಕರು. ಖರೇ ಕೊನಿ ಎಲ್ಲಿ? ಚಂದ್ರನ ಮ್ಯಾಲೆ ಇಳಿದದ್ದು ಬರದೀರಿ. ತಿರುಗಿ ಬಂದದ್ದು ಬರದ ಇಲ್ಲಲ್ರಿ.”

“ಇಳಿದದ್ದರ ತನಕಾನ ಹಾಕಪಾ. ಜಾಗಾ ಸಾಲಲಿಲ್ಲ ಅನ್ನು.”

“ಜಾಗಾ ಐತ್ರಿ ಸರ್ರ. ಇನ್ನ ಅರ್ಧ ಕಾಲಂ ಖಾಲಿ ಐತಿ.”

“ಖಾಲಿ ಬಿಡು.”

ಹನ್ನೊಂದು ಗಂಟೆ

ಗ್ಯಾಸ್ ಬುಕ್ ಆಯಿತು. ಕಪಾಟು ತೆಗೆದೆ. ಸೀರೆ ಇದೆ. ಸೆರಗಿನಲ್ಲಿ ಮುರಗಿಯ ಒಂದು ಸಾಲು ಹೋಗಿದೆ, ಮರಳಿ ಬಂದಿಲ್ಲ. ಸೂಜಿ ಅಲ್ಲೇ ಚುಚ್ಚಿದೆ. ತೆಗೆಯಲಿಲ್ಲ, ಹಾಗೇ ಮಡಿಸಿ ಚೀಲದಲ್ಲಿ ಇಟ್ಟೆ. ಮಧ್ಯಾಹ್ನದ ಬಸ್ಸಿಗೆ ಅಮ್ಮಿನಬಾವಿಗೆ ಹೋಗಿ ಕೊಟ್ಟು ಬರುತ್ತೇನೆ. ಹಾಲು ಆಯಿತು, ಗ್ಯಾಸ್ ಆಯಿತು, ಸೀರೆ ಆಯಿತು. ಇನ್ನು ಆಕೆ ಹೇಳಿದ್ದರಲ್ಲಿ ಉಳಿದದ್ದು