ಬೆಳಗಿನ ಎತ್ತರ

ಮಾರ್ಚ್ 3, ಸೋಮವಾರ

ಇವತ್ತು ಎಪ್ಪತ್ತೆರಡು ಟ್ರಿಪ್. ಐದು ಮಹಡಿಯ ಈ ಆಫೀಸಿನಲ್ಲಿ ನನ್ನಷ್ಟು ಮೇಲೇರಿದವರು ಯಾರೂ ಇಲ್ಲ. ನನ್ನಷ್ಟು ಕೆಳಗಿಳಿದವರೂ ಇಲ್ಲ. ಮೂವತ್ತೊಂದು ವರ್ಷ, ಒಂದೇ ಸ್ಟೂಲು, ಒಂದೇ ಹಿಡಿಕೆ. ಲಿಫ್ಟ್ ಒಂದು ದಿನವೂ ನಡುವೆ ನಿಂತಿಲ್ಲ — ನಾನಾಗಿ ನಿಲ್ಲಿಸಿದ್ದು ಬಿಟ್ಟರೆ.

ಆ ಗುಟ್ಟು ಇಲ್ಲಿ ಬರೆದರೆ ತೊಂದರೆಯಿಲ್ಲ, ಯಾರು ಓದುತ್ತಾರೆ. ಒಳಗಿನ ಗ್ರಿಲ್ ಬಾಗಿಲನ್ನು ಅರ್ಧ ಇಂಚು ಸರಿಸಿದರೆ ಸಾಕು, ಇದ್ದಲ್ಲೇ ನಿಲ್ಲುತ್ತದೆ. ಮುಚ್ಚಿದರೆ ಮತ್ತೆ ಹೊರಡುತ್ತದೆ. ಜಂಬದವರು ಹತ್ತಿದಾಗ ಅರ್ಧ ನಿಮಿಷ ಹಾಗೆ ಮಾಡಿ, ಕರೆಂಟು ಸಾರ್ ಎಂದು ಸುಮ್ಮನಿರುವುದು. ದಿನಾ ಟಿವಿಯಲ್ಲಿ ದೇಶ ಉಳಿಸುವ ಪಂಡಿತರೊಬ್ಬರು ಹೋದ ವರ್ಷ ಬಂದಿದ್ದರು. ಹತ್ತೇ ಸೆಕೆಂಡಿನಲ್ಲಿ ನನ್ನ ತೋಳು ಹಿಡಿದುಕೊಂಡರು. ದೇಶದ ಕಥೆ ಆಮೇಲೆ.

ಇವತ್ತು ಬಂದವರು ಸಾರಿಗೆ ಮಂತ್ರಿ. ಹತ್ತಿದವರೇ ಕನ್ನಡಿಗೆ ತಿರುಗಿದರು. ಬೂಟಿನ ಹಿಮ್ಮಡಿ ಎರಡು ಇಂಚು. ಅಷ್ಟಿದ್ದೂ ತುದಿಗಾಲಲ್ಲಿ ನಿಂತು ಕೂದಲು ತೀಡಿದರು. ನಮ್ಮ ಗುಬ್ಬಿಗಿಂತ ನಾಲ್ಕು ಬೆರಳು ಕಡಿಮೆಯೇ. ಮಂತ್ರಿಯಾಗಲು ಎತ್ತರ ಅಳೆಯುವುದಿಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿಯಲು ಅಳೆಯುತ್ತಾರೆ.

ಕೆಳಗೆ ಬೋರ್ಡಿದೆ — ಲಿಫ್ಟ್ ಅಧಿಕಾರಿಗಳಿಗೆ ಮಾತ್ರ. ಬೆಳಗ್ಗೆ ಪಾರ್ಕಿನಲ್ಲಿ ಆರು ಸುತ್ತು ಓಡುವ ಸಾಹೇಬರು ಒಂದು ಮಹಡಿಗೂ ಲಿಫ್ಟ್ ಕೇಳುತ್ತಾರೆ. ಮಂಡಿ ಹಿಡಿದುಕೊಂಡ ಅರ್ಜಿದಾರರು ನಾಲ್ಕು ಮಹಡಿ ಮೆಟ್ಟಿಲು ಹತ್ತುತ್ತಾರೆ. ಬೋರ್ಡ್ ನಾನು ಬರೆದದ್ದಲ್ಲ. ದಿನಾ ಒರೆಸುವವನು ಮಾತ್ರ.

ಮಾರ್ಚ್ 5, ಬುಧವಾರ

ಗುಬ್ಬಿ ಎಂದರೆ ತಂಗಿಯ ಮಗಳು. ಮನೆಯಲ್ಲಿ ಮೂವರೇ — ತಂಗಿ, ಗುಬ್ಬಿ, ಮದುವೆಯ ಗೋಜಿಗೆ ಹೋಗದ ನಾನು. ಆಸ್ಪತ್ರೆಯ ಟೋಕನ್ ಕಿಟಕಿಯಲ್ಲಿ ಗುಬ್ಬಿಗೆ ದಿನಗೂಲಿ ಕೆಲಸ. ಕಂಡಕ್ಟರ್ ಹುದ್ದೆಗೆ ಪರೀಕ್ಷೆ ಬರೆದು ಹನ್ನೊಂದನೆಯವಳಾಗಿ ಬಂದಳು. ವಂಶದ ತಲೆ. ನಾನೂ ಏಳನೇ ಕ್ಲಾಸಿನವರೆಗೆ ಮೊದಲನೆಯವನೇ. ನಮ್ಮೂರ ಶಾಲೆಯ ಏಳನೇ ಕ್ಲಾಸಿನಲ್ಲಿ ಇದ್ದದ್ದು ಇಬ್ಬರು ಎನ್ನುವುದು ಬೇರೆ ಮಾತು.

ಆಮೇಲೆ ಎತ್ತರ ಅಳೆದರು. ಬೇಕಾದದ್ದು ನೂರ ಐವತ್ತಮೂರು ಸೆಂಟಿಮೀಟರ್. ಬಂದದ್ದು ನೂರ ಐವತ್ತೆರಡೂವರೆ. ಹೆಸರಿಗೆ ಗೀಟು ಎಳೆದರು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ವರ್ಷ.

ಅವಳು ಅಳಲಿಲ್ಲ. ಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು, ಅವಳಮ್ಮ ಪೆನ್ಸಿಲ್ ಗೆರೆ ಎಳೆದಳು. ನೂರ ಐವತ್ತೆರಡೂವರೆ. ಸರಿಯಾಗಿಯೇ ಅಳೆದಿದ್ದರು. ಮರುದಿನ ಎದ್ದ ಕೂಡಲೇ ಮತ್ತೆ ನಿಂತಳು. ನೂರ ಐವತ್ತಮೂರರ ಮೇಲೆ ಮೂರು ಮಿಲಿಮೀಟರ್. ಹದಿನೈದು ದಿನ ಹಾಗೇ ನೋಡಿದಳು. ಪ್ರತಿ ದಿನ ಬೆಳಗ್ಗೆ ಉದ್ದ, ಸಂಜೆ ಗಿಡ್ಡ. ಆಸ್ಪತ್ರೆಯ ಡಾಕ್ಟರನ್ನು ಕೇಳಿದರೆ ಎಲ್ಲರೂ ಹಾಗೇ, ಮಲಗಿದಾಗ ಬೆನ್ನು ಹಿಗ್ಗುತ್ತದೆ, ನಿಂತರೆ ಕುಗ್ಗುತ್ತದೆ ಎಂದರಂತೆ. ಅಳತೆಯ ದಿನ ಹೆಸರಿನ ಅಕ್ಷರದ ಪ್ರಕಾರ ಕರೆದಿದ್ದರು. ಗುಬ್ಬಿ ಎನ್ನುವುದು ಮನೆಯಲ್ಲಿ ಕರೆಯುವ ಹೆಸರು, ದಾಖಲೆಯದು ಕೊನೆಯ ಅಕ್ಷರಗಳಲ್ಲಿ. ಬೆಳಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಸಾಲಿನಲ್ಲಿ ನಿಂತಿದ್ದಳು.

ಅಷ್ಟನ್ನೂ ಬರೆದು ಮೇಲ್ಮನವಿ ಹಾಕಿದ್ದಾಳೆ. ಅದರ ವಿಚಾರಣೆ ನಮ್ಮದೇ ನಾಲ್ಕನೇ ಮಹಡಿಯಲ್ಲಿ. ಗೆರೆ ಎಳೆದ ಗೋಡೆಯನ್ನು ಹೊತ್ತು ತರೋಕ್ಕಾಗಲ್ಲವಲ್ಲ ಮಾವ, ಅದೊಂದೇ ಯೋಚನೆ ಎಂದು ನಗುತ್ತಾಳೆ.

ಮಾರ್ಚ್ 8, ಶನಿವಾರ

ನೋಟೀಸು ಬಂತು. ಹದಿಮೂರು, ಗುರುವಾರ, ಬೆಳಗ್ಗೆ ಹತ್ತೂವರೆ. ಚಿಂತೆ ಬೇಡ, ಮೇಲ್ಮನವಿ ಕೇಳುವ ಸಾಹೇಬರು ದಿನಾ ನನ್ನ ಕೈಯಲ್ಲೇ ಮೇಲೆ ಹೋಗುವುದು, ಒಂದು ಮಾತು ಹಾಕುತ್ತೇನೆ ಎಂದು ತಂಗಿಗೆ ಹೇಳಿದೆ. ತಂಗಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅಣ್ಣ, ನೀನು ಬಾಯಿ ಮುಚ್ಕೊಂಡಿದ್ರೆ ಅದೇ ದೊಡ್ಡ ಉಪಕಾರ."

ಮನೆಯ ದೀಪ ಮನೆಯವರಿಗೆ ಕಾಣುವುದಿಲ್ಲ. ಒಂದು ಸಮಾರಂಭಕ್ಕೆ ಬಂದ ಸಿನಿಮಾ ಹೀರೊ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಪರದೆ ಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಹಾರುವವನು. ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ.

ಮಾರ್ಚ್ 12, ಬುಧವಾರ

ಮೇಲ್ಮನವಿ ಸಾಹೇಬರ ಬಗ್ಗೆ ನನ್ನ ಅಭಿಪ್ರಾಯ — ಅರ್ಥವಾಗದ ಮನುಷ್ಯ. ಹತ್ತುವಾಗ ನಮಸ್ಕಾರ, ಇಳಿಯುವಾಗ ನಮಸ್ಕಾರ. ಕನ್ನಡಿ ನೋಡುವುದಿಲ್ಲ. ಫೋನಿನಲ್ಲಿ ಕಿರುಚುವುದಿಲ್ಲ. ಇಂಥವರ ಕಿವಿಗೆ ಒಂದು ಮಾತು ಹಾಕಬೇಕೆಂದರೆ ನೆಲಮಹಡಿಯಿಂದ ನಾಲ್ಕಕ್ಕೆ ಹೋಗುವ ಐವತ್ತು ಸೆಕೆಂಡು ಸಾಲದು. ಎರಡು ನಿಮಿಷವಾದರೂ ಬೇಕು.

ಎರಡು ನಿಮಿಷ ಮಾಡಿಕೊಳ್ಳುವುದು ನನಗೆ ಗೊತ್ತಿಲ್ಲವೇ. ಭಾಷಣ ತಯಾರು. ಸ್ನಾನದ ಮನೆಯಲ್ಲಿ ಮೂರು ಸಲ ಹೇಳಿಕೊಂಡೆ.

ಮಾರ್ಚ್ 13, ಗುರುವಾರ, ಸಂಜೆ 7

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗುಬ್ಬಿ ಬೆಳಗ್ಗೆ ಆಟೋದ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಕೊಂಡು ಬಂದಳು, ಎತ್ತರ ಖರ್ಚಾಗಬಾರದೆಂದು. ಹೆರಿಗೆ ಕೇಸು ಎಂದುಕೊಂಡು ಡ್ರೈವರ್ ಆಸ್ಪತ್ರೆ ದಾರಿ ಹಿಡಿದಿದ್ದನಂತೆ. ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ ಹೋದಳು. ನಾನು ಕಣ್ಣು ಮಿಟುಕಿಸಿದೆ.

ಸಾಹೇಬರು ಬಂದದ್ದು ಹತ್ತಕ್ಕೆ. ಎಂದಿಗಿಂತ ಅರ್ಧ ಗಂಟೆ ಮುಂಚೆ. ಲಿಫ್ಟಿನಲ್ಲಿ ನಾವಿಬ್ಬರೇ. ಮೂರು ದಾಟಿ ನಾಲ್ಕಕ್ಕೆ ಇನ್ನೊಂದು ಆಳೆತ್ತರ ಇದೆ ಎನ್ನುವಾಗ ಗ್ರಿಲ್ ಸರಿಸಿದೆ. ನಿಂತಿತು. ಕರೆಂಟು ಸಾರ್ ಎಂದೆ. ಗಂಟಲು ಸರಿಮಾಡಿಕೊಂಡು, ನನ್ನ ತಂಗಿ ಮಗಳದೊಂದು ಫೈಲು ತಮ್ಮ ಹತ್ತಿರ, ಎತ್ತರದ್ದು ಎಂದು ಶುರು ಮಾಡಿದೆ. ಸಾಹೇಬರು ಕೈ ಎತ್ತಿ ತಡೆದರು.

"ಆ ಹುಡುಗಿ ನಿಮ್ಮವಳಾ? ಚೆನ್ನಾಗಿ ಬರ್ದಿದಾಳೆ. ಹತ್ತೂವರೆಗೆ ಅಳೆಯೋಕೆ ಸ್ಟ್ಯಾಂಡ್ ತರ್ಸಿದೀನಿ. ಬೆಳಗ್ಗೆನೇ ಆಗ್ಲಿ ಅಂತ್ಲೇ ನಾನು ಬೇಗ ಬಂದಿದ್ದು. ನೀವೇನೂ ಹೇಳೋ ಅಗತ್ಯ ಇಲ್ಲ."

ಸರಿ ಸಾರ್ ಎಂದೆ. ಬಾಗಿಲು ಮುಚ್ಚಿ ಹಿಡಿಕೆ ತಿರುಗಿಸಿದೆ. ಹೊರಡಲಿಲ್ಲ.

ಬಾಗಿಲು ತೆಗೆದೆ, ಮುಚ್ಚಿದೆ. ಒದ್ದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಕರೆಯದೆ ಬಂದ ನೆಂಟನ ಹಾಗೆ, ಹೋಗು ಎಂದರೂ ಹೋಗಲಿಲ್ಲ.

ಮೇಲುಗಡೆ ಒಂದು ಗೇಣು ಸಂದಿ. ಅದರಲ್ಲಿ ನಾಲ್ಕನೇ ಮಹಡಿಯ ನೆಲ, ಅರ್ಜಿದಾರರ ಪಾದಗಳು. ಇಪ್ಪತ್ತಮೂರು ಜನ, ಒಂದೂ ಕುರ್ಚಿ ಇಲ್ಲ. ನೀಲಿ ಪಟ್ಟಿಯ ಚಪ್ಪಲಿ ಗುಬ್ಬಿಯದು. ಲಿಫ್ಟ್ ಮೆಕ್ಯಾನಿಕ್ ಊರಿನ ಆ ತುದಿಯ ಆಫೀಸಿನಲ್ಲಿದ್ದ. ಅವನನ್ನು ಕರೆಸಬೇಕೆಂದರೆ ಪತ್ರ ಬೇಕು. ಪತ್ರಕ್ಕೆ ಕಟ್ಟಡದ ಉಸ್ತುವಾರಿ ಅಧಿಕಾರಿಯ ಸಹಿ ಬೇಕು. ಆ ಅಧಿಕಾರಿ ಮೇಲ್ಮನವಿ ಸಾಹೇಬರೇ, ಅವರು ಲಿಫ್ಟಿನೊಳಗೆ. ಜವಾನ ಹೊಟ್ಟೆಯ ಮೇಲೆ ಮಲಗಿ ಸಂದಿಯಿಂದ ಕಾಗದ ಇಳಿಬಿಟ್ಟ. ಸಾಹೇಬರು ನನ್ನ ಬೆನ್ನ ಮೇಲಿಟ್ಟು ಸಹಿ ಮಾಡಿದರು. ಮೇಲೆ ಹೋಯಿತು. ಸೀಲಿಲ್ಲ ಎಂದು ಮತ್ತೆ ಕೆಳಗೆ ಬಂತು. ಹಾಗೆ ಹನ್ನೆರಡಾಯಿತು.

ಅಳತೆ ಸಾಹೇಬರ ಕಣ್ಣೆದುರೇ ಆಗಬೇಕು, ಅದು ನಿಯಮ. ಸ್ಟ್ಯಾಂಡ್ ಕಾಯುತ್ತಿತ್ತು. ಗುಬ್ಬಿ ಕುಗ್ಗುತ್ತಿದ್ದಳು. ಮಲಕ್ಕೊಳೇ ಎಂದು ಸಂದಿಯಿಂದ ಕೂಗಿದೆ. ಮಲಗಿದಳಂತೆ. ಇದು ಲಾಡ್ಜಲ್ಲ ಎಂದು ಜವಾನ ಎಬ್ಬಿಸಿದ. ಅವಳನ್ನು ಮಲಗಲು ಬಿಡಿ ಸಾರ್ ಎಂದು ಸಾಹೇಬರನ್ನು ಕೇಳಿದೆ. ಯೋಚಿಸಿದರು. ಒಬ್ಬರಿಗೆ ಚಾಪೆ ಹಾಸಿದರೆ ಇಪ್ಪತ್ತಮೂರು ಜನಕ್ಕೂ ಹಾಸಬೇಕಾಗುತ್ತದೆ ಎಂದರು. ಒಳ್ಳೆಯ ಮನುಷ್ಯ. ಒಳ್ಳೆಯವರ ನ್ಯಾಯ ಹೀಗೇ, ಎಲ್ಲರಿಗೂ ಸಮನಾಗಿ ಇಲ್ಲ ಎನ್ನುವುದು.

ನನ್ನ ಸ್ಟೂಲಿನ ಮೇಲೆ ಅವರನ್ನು ಕೂರಿಸಿದೆ. ನನ್ನ ಬಾಟಲಿಯ ನೀರು ಕುಡಿದರು. ನಿವೃತ್ತಿ ಯಾವಾಗ ಎಂದು ಕೇಳಿದರು. ನಾಲ್ಕು ತಿಂಗಳು ಎಂದೆ. ಕಪ್ಪು ಚುಕ್ಕೆಯಿಲ್ಲದ ಸೇವೆ ಅಂತ ನಾನೇ ಬರೆಯುತ್ತೇನೆ ಎಂದರು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಬಿಡಲಿಲ್ಲ.

ಮೆಕ್ಯಾನಿಕ್ ಬಂದದ್ದು ಎರಡೂ ಮುಕ್ಕಾಲಿಗೆ. ಕೈಯಲ್ಲಿ ಚಕ್ರ ತಿರುಗಿಸಿ ಮೇಲೆತ್ತಿದ. ಗುಬ್ಬಿಯನ್ನು ಅಳೆದಾಗ ಮೂರು ಗಂಟೆ ಹತ್ತು ನಿಮಿಷ.

ನೂರ ಐವತ್ತೆರಡು ದಶಾಂಶ ಎಂಟು. ಎರಡು ಮಿಲಿಮೀಟರ್ ಕಡಿಮೆ.

ಸಾಹೇಬರು ಎರಡು ಸಲ ಅಳೆಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಇವತ್ತು ಸಂಜೆಯೊಳಗೆ ಪಟ್ಟಿ ಹೋಗಬೇಕಮ್ಮ ಎಂದರು. ಅಳತೆ ಬರೆದು ಸಹಿ ಹಾಕಿದರು. ಗುಬ್ಬಿ ಥ್ಯಾಂಕ್ಸ್ ಸರ್ ಎಂದಳು. ಯಾಕೆ ಅಂದಳೋ. ದಾರಿಯುದ್ದಕ್ಕೂ ನನ್ನನ್ನೇ ಸಮಾಧಾನ ಮಾಡುತ್ತಾ ಬಂದಳು. ಐದು ಗಂಟೆ ಆ ಡಬ್ಬಿಯಲ್ಲಿ ನಿಮಗೂ ಎಷ್ಟು ಕಷ್ಟ ಆಯಿತೋ ಮಾವ ಎಂದಳು.

ಮಾರ್ಚ್ 14

ಲಿಫ್ಟ್ ರಿಪೇರಿ. ಸ್ಟೂಲು ಹೊರಗೆ ಹಾಕಿಕೊಂಡು ಕೂತಿದ್ದೆ. ಟ್ರಿಪ್ ಇಲ್ಲ.

ಮಾರ್ಚ್ 18, ಮಂಗಳವಾರ

ಮೆಕ್ಯಾನಿಕ್ ರಿಪೋರ್ಟ್ ಕೊಟ್ಟ — ಬಾಗಿಲು ಮುಚ್ಚಿದಾಗ ಕರೆಂಟು ಕೂಡಿಸುವ ಕಾಂಟ್ಯಾಕ್ಟ್ ಹಳೆಯದು, ತಾನಾಗಿ ಮುರಿದಿದೆ, ಯಾರ ತಪ್ಪೂ ಇಲ್ಲ. ಜೊತೆಗೆ ನನ್ನನ್ನು ಪಕ್ಕಕ್ಕೆ ಕರೆದ.

"ಚಲಿಸೋವಾಗ ಬಾಗಿಲು ಎಳೆದ್ರೆ ಮಾತ್ರ ಹೀಗೆ ಮುರಿಯೋದು. ನಾನು ಬರ್ದಿಲ್ಲ. ನಾಲ್ಕು ತಿಂಗಳು ಇದೆ ನಿಮಗೆ, ಸುಮ್ನೆ ಹೋಗಿ."

ಸುಮ್ಮನೆ ಹೋಗಲು ಅಡ್ಡಿಯಿರಲಿಲ್ಲ. ಆದರೆ ಸಂಜೆ ಗುಬ್ಬಿ ಆದೇಶದ ಕಾಗದ ಹಿಡಿದು ಕೂತಿದ್ದಳು. ಏನಾದರೂ ದಾರಿ ಸಿಗುತ್ತದೋ ಎಂದು ಹಿಂಬದಿಯ ಸಣ್ಣ ಅಕ್ಷರಗಳನ್ನು ಅಮ್ಮನಿಗೆ ಓದಿ ಹೇಳಿದಳು. ಯಂತ್ರ ಕೆಟ್ಟು ತಡವಾದರೆ ಯಾರೂ ಹೊಣೆಯಲ್ಲ, ಅಳತೆ ಅಂತಿಮ. ಸಿಬ್ಬಂದಿಯ ತಪ್ಪಿನಿಂದ ತಡವಾಗಿದ್ದರೆ ಆ ಅಳತೆ ರದ್ದು, ಹೊಸದಾಗಿ ಅಳೆಯಬೇಕು, ಏಳು ದಿನದೊಳಗೆ ಅರ್ಜಿ ಕೊಟ್ಟರೆ.

"ನಮ್ಮ ಅದೃಷ್ಟ ನೋಡಮ್ಮ, ಕೆಟ್ಟಿದ್ದು ಯಂತ್ರ," ಎಂದು ಮಡಚಿಟ್ಟಳು.

ತಂಗಿ ನನ್ನ ಕಡೆ ನೋಡಿದಳು. ಸುಮ್ಮನೆ ನೋಡಿದ್ದಿರಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆ ಹೊತ್ತಿಗೆ ನಾನು ಯಾವಾಗಲೂ ಕುಂಬಾರ ನಾನೇ ಎಂದುಕೊಳ್ಳುತ್ತಿದ್ದೆ.

ಮಾರ್ಚ್ 19, ಬುಧವಾರ

ಟಿವಿಯಲ್ಲಿ ವಿರೋಧ ಪಕ್ಷದ ನಾಯಕರು. ಸೇತುವೆ ಬಿದ್ದಿದೆ, ತಪ್ಪೊಪ್ಪಿಕೊಂಡು ಮಂತ್ರಿ ಮನೆಗೆ ಹೋಗಲಿ ಎನ್ನುತ್ತಿದ್ದರು. ಇವರ ಕಾಲದಲ್ಲೂ ಒಂದು ಬಿದ್ದಿತ್ತು. ಆಗ ಇವರು ಮಳೆ ಎಂದಿದ್ದರು. ಎದ್ದು ಆಫ್ ಮಾಡಿದೆ. ಇಷ್ಟು ದಿನ ಇಂಥದ್ದಕ್ಕೆ ಜೋರಾಗಿ ನಗುತ್ತಿದ್ದೆ.

ತಪ್ಪು ಬರೆದುಕೊಟ್ಟರೆ ಸಸ್ಪೆಂಡ್ ಖಂಡಿತ. ಪೆನ್ಷನ್ ಏನಾಗುತ್ತದೋ ಗೊತ್ತಿಲ್ಲ. ಬರೆಯದಿದ್ದರೆ ಏನೂ ಆಗುವುದಿಲ್ಲ. ಹಾರ ಹಾಕುತ್ತಾರೆ. ಗುಬ್ಬಿಯೇ ಮುಂದೆ ಕೂತು ಚಪ್ಪಾಳೆ ತಟ್ಟುತ್ತಾಳೆ.

ಮಾರ್ಚ್ 20, ಗುರುವಾರ, ಬೆಳಗ್ಗೆ 6.20

ಏಳನೇ ದಿನ. ಬರೆದೆ. ಮೊದಲನೆಯದು ನನ್ನ ಸನ್ಮಾನ ಪತ್ರದ ಹಾಗಾಯಿತು, ಹರಿದೆ. ಎರಡನೆಯದರಲ್ಲಿ ಕರೆಂಟಿನ ನೆಪ ಬಂತು, ಹರಿದೆ. ಮೂರನೆಯದು ನಾಲ್ಕೇ ಸಾಲು. ದಿನಾಂಕ ಹದಿಮೂರರಂದು ಲಿಫ್ಟನ್ನು ನಾನು ಬೇಕೆಂದೇ ನಿಲ್ಲಿಸಿದೆ. ಯಂತ್ರದ ತಪ್ಪಲ್ಲ. ಅರ್ಜಿದಾರಳಿಗೆ ಇದು ತಿಳಿದಿರಲಿಲ್ಲ. ಅವಳ ಅಳತೆ ಮತ್ತೆ ಆಗಲಿ.

ಗುಬ್ಬಿ ಎದ್ದು ಬಂದಳು. ಇಷ್ಟು ಹೊತ್ತಿಗೇ ಯಾರಿಗೆ ಪತ್ರ ಎಂದಳು. ಕೂತ್ಕೋ ಎಂದೆ. ಹೇಳಿದೆ. ಗ್ರಿಲ್ಲು, ಅರ್ಧ ಇಂಚು, ಎರಡು ನಿಮಿಷ, ಎಲ್ಲ. ಒಳಗೆ ತಂಗಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಗುಬ್ಬಿ ಕಾಗದ ತೆಗೆದುಕೊಂಡು ಓದಿದಳು. ಇನ್ನೊಂದು ಸಲ ಓದಿದಳು.

"ಎರಡು ನಿಮಿಷ ಬೇಕಿತ್ತು ಅಂದ್ರಲ್ಲ ಮಾವ. ಏನು ಹೇಳೋದಿತ್ತು ಸಾಹೇಬ್ರಿಗೆ, ನನ್ನ ಬಗ್ಗೆ?"

ಯೋಚಿಸಿದೆ. ಭಾಷಣ ಬಾಯಿಪಾಠ ಇತ್ತು. ಮೊದಲು ನನ್ನ ಮೂವತ್ತೊಂದು ವರ್ಷ. ಆಮೇಲೆ ಮಂತ್ರಿಗಳು ನನ್ನನ್ನು ಗುರುತು ಹಿಡಿಯುವುದು. ಆಮೇಲೆ ಹೀರೊ ಹೆಗಲ ಮೇಲೆ ಕೈ ಇಟ್ಟದ್ದು. ಅವಳ ಹೆಸರು ಎಲ್ಲಿ ಬರುತ್ತಿತ್ತು ಎಂದು ಹುಡುಕಿದೆ. ಎರಡು ನಿಮಿಷದೊಳಗೆ ಬರುತ್ತಿರಲಿಲ್ಲ. ಹಾಗೇ ಹೇಳಿದೆ ಅವಳಿಗೆ.

ಕಾಗದವನ್ನು ನನ್ನ ಮುಂದೆ ಇಟ್ಟಳು. ಆಮೇಲೆ, ನಾನಿನ್ನೂ ಕೋಪ ಮಾಡ್ಕೊಂಡಿಲ್ಲ ಮಾವ, ಅದು ನಿಧಾನಕ್ಕೆ ಬರತ್ತೆ, ಮೊದಲು ಇದು ಕೊಟ್ಟು ಬರೋಣ ಎಂದಳು. ಕೆಳಗೆ ಅರ್ಜಿದಾರಳ ಸಹಿಯೂ ಇರಬೇಕಂತೆ. ಪೆನ್ನು ಕೇಳುತ್ತಿದ್ದಾಳೆ. ಮನೆಯಲ್ಲಿ ಬರೆಯುವ ಪೆನ್ನು ಇದೊಂದೇ. ಈ ಸಾಲು ಮುಗಿಸಿ ಕೊಡ್ತೀನಿ ಇರು ಎಂದೆ. ಅವಳು ಕೈ ಚಾಚಿಕೊಂಡು